ಎರಡು ಕಲಿಕೆಗಳು, ಒಂದು ಅಂಜಿಕೆ

ಮನಃಶಾಸ್ತ್ರದ ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಬರುವ ಪ್ರಶ್ನೆಯೊಂದುಂಟು: ‘ಶಾಸ್ತ್ರೀಯ ಅನುಬಂಧನಕ್ಕೂ ಕ್ರಿಯಾಜನ್ಯ ಅನುಬಂಧನಕ್ಕೂ ಇರುವ ವ್ಯತ್ಯಾಸಗಳನ್ನು ಬರೆಯಿರಿ.’ ಪ್ರಶ್ನೆಯನ್ನು ಕಂಡೊಡನೆ ನಮ್ಮಲ್ಲಿ ಬಹುಮಂದಿ ಪಟ್ಟಿಯನ್ನು ಹಚ್ಚಿ ಹಾಳೆಯ ನಟ್ಟನಡುವೆ ಒಂದು ಗೆರೆ ಎಳೆಯುತ್ತಾರೆ. ಎಡಕ್ಕೆ ಪಾವ್ಲೋವ, ಬಲಕ್ಕೆ ಸ್ಕಿನ್ನರ. ಎಡಕ್ಕೆ ನಾಯಿ, ಬಲಕ್ಕೆ ಇಲಿ. ಎಡಕ್ಕೆ ಗಂಟೆ, ಬಲಕ್ಕೆ ಸನ್ನೆಗೋಲು. ಹತ್ತು ಅಂಕಗಳಲ್ಲಿ ಎಂಟು ಎಲ್ಲಿಯೂ ಹೋಗುವುದಿಲ್ಲ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲವೆಂಬುದನ್ನು ಒಪ್ಪಬೇಕು. ಆದರೆ ನಡುವಿನ ಆ ಗೆರೆಯಿದೆಯಲ್ಲ, ಅದರ ಮೇಲೆಯೇ ನನ್ನ ತಕರಾರು. ಕಾಗದದ ಮೇಲೆ ಅದು ಅಂಕಗಳನ್ನು ತರುತ್ತದೆ. ಕಾಗದದಾಚೆಗೆ, ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಿತ್ಯದ ಬಾಳಿನಲ್ಲಿ ಹುಡುಕಿದರೆ ಅದು ಕಾಣಸಿಗುವುದೇ ಅಪರೂಪ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಾಗಿತ್ತು. ಆ ಗೆರೆಯನ್ನು ನಂಬಿಕೊಂಡದ್ದರಿಂದ ತರಗತಿಗಳಲ್ಲಿ ಒಂದು ಬೇನೆಗೆ ಇನ್ನೊಂದರ ಮದ್ದನ್ನು ಕೊಡಲಾಗುತ್ತಿದೆ ಎಂಬುದು ನನ್ನ ಅಭಿಪ್ರಾಯವಾದ್ದರಿಂದ ಈ ನಾಲ್ಕು ಮಾತು.

ಮೊದಲು ಪಾವ್ಲೋವನ ವಿಷಯ. ರಶಿಯದ ಈ ವಿಜ್ಞಾನಿಯು (1849-1936) ಮೂಲತಃ ಮನಃಶಾಸ್ತ್ರಜ್ಞನೇ ಅಲ್ಲ. ಪಚನಕ್ರಿಯೆಯನ್ನು ಅಭ್ಯಸಿಸಿದ ಶರೀರಶಾಸ್ತ್ರಜ್ಞ. 1904ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆತದ್ದೂ ಆ ಕೆಲಸಕ್ಕಾಗಿಯೇ. ಆತನ ಪ್ರಯೋಗಾಲಯದ ನಾಯಿಗಳು ಆಹಾರ ಬಾಯಿಗೆ ಬೀಳುವುದಕ್ಕೆ ಮೊದಲೇ, ಅದನ್ನು ತರುವವರನ್ನು ಕಂಡೊಡನೆಯೇ ಜೊಲ್ಲು ಸುರಿಸತೊಡಗಿದವು. ಇತರರು ಇದನ್ನು ತೊಡಕೆಂದು ತಿಳಿದು ಬಿಟ್ಟುಬಿಡುತ್ತಿದ್ದರೇನೋ; ಪಾವ್ಲೋವನು ಉಳಿದ ಆಯುಷ್ಯವನ್ನೆಲ್ಲ ಅದಕ್ಕೇ ಕೊಟ್ಟನು. ಪಠ್ಯಪುಸ್ತಕಗಳು ಗಂಟೆಯೊಂದನ್ನೇ ಹಿಡಿದುಕೊಂಡಿದ್ದರೂ ಆತನು ಮೆಟ್ರೊನೋಮಿನ ಟಿಕ್ ಟಿಕ್ ಸಪ್ಪಳ, ದೀಪದ ಬೆಳಕು, ಚರ್ಮದ ಮೇಲಿನ ಸ್ಪರ್ಶ ಮುಂತಾದ ಹಲವನ್ನು ಬಳಸಿದ್ದನು. ಇದಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ. ಹುಣಸೆಕಾಯಿ ಎಂಬ ಮಾತನ್ನು ಓದಿದ ಈ ಕ್ಷಣದಲ್ಲಿ ವಾಚಕರ ಬಾಯಲ್ಲಿ ಏನಾಯಿತೆಂಬುದನ್ನು ಅವರೇ ನೋಡಿಕೊಳ್ಳಲಿ. ಕಾಗದದ ಮೇಲಿನ ಐದು ಅಕ್ಷರಗಳಿಗೆ ಹುಳಿಯೆಲ್ಲಿಂದ ಬಂತು?

ಇಲ್ಲಿ ಒಂದು ಸೂಕ್ಷ್ಮವುಂಟು. ಎರಡು ಸಂಗತಿಗಳು ಒಟ್ಟೊಟ್ಟಿಗೆ ನಡೆದರೆ ಸಾಕು, ಸಂಬಂಧ ತಾನಾಗಿಯೇ ಬೆಸೆಯುತ್ತದೆಂದು ಬಹುಕಾಲ ತಿಳಿದಿದ್ದರು. 1968ರಲ್ಲಿ ಅಮೇರಿಕೆಯ ರಾಬರ್ಟ್ ರೆಸ್ಕೋರ್ಲನು ಇದು ಸಾಲದೆಂದು ತೋರಿಸಿದನು. ಸಪ್ಪಳದ ಕೂಡ ಇಲಿಗೆ ಎಷ್ಟು ಸಾರೆ ವಿದ್ಯುತ್ತಿನ ಹೊಡೆತ ತಗಲುವುದೋ, ಸಪ್ಪಳವಿಲ್ಲದಾಗಲೂ ಅಷ್ಟೇ ಸಾರೆ ತಗಲಿದರೆ, ಅದು ಸಪ್ಪಳಕ್ಕೆ ಅಂಜಲು ಕಲಿಯುವುದಿಲ್ಲ. ಅಂದಮೇಲೆ ಪ್ರಾಣಿಯು ಕಲಿಯುವುದು ಯಾವುದರ ಮುನ್ಸೂಚನೆ ಯಾವುದು ಎಂಬುದನ್ನು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಮುಂದೆ ಬೇಕಾಗುತ್ತದೆ.

ಇನ್ನು ಗೆರೆಯ ಬಲಭಾಗ. ತಾರ್ನ್‌ಡೈಕನು 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಹಾಕಿ, ಅಗುಳಿ ತೆಗೆದು ಹೊರಬರಲು ಅವು ಹೇಗೆ ಕಲಿಯುತ್ತವೆಂಬುದನ್ನು ನೋಡಿದನು. ಸ್ಕಿನ್ನರನು (1904-1990) ಅದನ್ನೇ ಹಿಡಿದು ಮುಂದುವರಿಸಿ 1938ರಲ್ಲಿ ತನ್ನ ಮೊದಲ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಇಲ್ಲಿ ಪ್ರಾಣಿಯು ಏನನ್ನಾದರೂ ಮಾಡಬೇಕು; ಮಾಡಿದ್ದರ ಫಲವು ಆ ಕ್ರಿಯೆಯನ್ನು ಗಟ್ಟಿಗೊಳಿಸುತ್ತದೆ, ಇಲ್ಲವೆ ಸಡಿಲಿಸುತ್ತದೆ. ಗಟ್ಟಿಗೊಳಿಸುವುದಕ್ಕೆ ಪುನರ್ಬಲನವೆಂದು ಹೆಸರು. ನಾಯಿಯ ಜೊಲ್ಲಿಗೆ ಗಂಟೆ ಮೊದಲು ಬರುತ್ತದೆ, ಇಲಿಯ ಸನ್ನೆಗೋಲಿಗೆ ಅನ್ನ ಆಮೇಲೆ ಬರುತ್ತದೆ. ವ್ಯತ್ಯಾಸದ ತಿರುಳು ಇಷ್ಟೇ. ಉಳಿದ ಏಳೆಂಟು ಅಂಶಗಳು ಅಂಕಗಳ ಸಲುವಾಗಿ.

ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಹತ್ತು ನಿಮಿಷ ನಿಂತವನಿಗೆ ಸ್ಕಿನ್ನರನನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಹೊಸದಾಗಿ ಮಗ್ಗಕ್ಕೆ ನಿಂತವನು ಹರಿದ ಎಳೆಯನ್ನು ಕೂಡಿಸುತ್ತಾನೆ. ಸರಿಯಾಗಿ ಕೂಡಿಸಿದರೆ ಲಾಳಿ ಓಡುತ್ತದೆ, ತಪ್ಪಿದರೆ ಬಟ್ಟೆಯಲ್ಲಿ ಸೀಳು ಕಾಣುತ್ತದೆ. ಗುರುವು ಬಾಯಿ ಬಿಡುವ ಮೊದಲೇ ಮಗ್ಗ ತೀರ್ಪು ಕೊಟ್ಟಿರುತ್ತದೆ. ಮಜೂರಿಯಾದರೋ ಸೀರೆಯ ಲೆಕ್ಕದ ಮೇಲೆ. ಇಷ್ಟು ಕ್ರಿಯೆಗೆ ಇಷ್ಟು ಫಲವೆಂಬ ಈ ಏರ್ಪಾಟನ್ನು ಫರ್ಸ್ಟರ್ ಮತ್ತು ಸ್ಕಿನ್ನರ್ ಕೂಡಿ 1957ರಲ್ಲಿ ಪಾರಿವಾಳಗಳ ಮೇಲೆ ವಿಸ್ತಾರವಾಗಿ ವರ್ಣಿಸಿದ್ದಾರೆ. ಪಾರಿವಾಳವು ಕಾಳು ದೊರೆತೊಡನೆ ಕೊಂಚ ಹೊತ್ತು ಸುಮ್ಮನೆ ನಿಂತು, ಆಮೇಲೆ ಒಂದೇ ಸಮನೆ ಕುಟ್ಟುತ್ತದೆ. ಸೀರೆ ಇಳಿಸಿದ ಮೇಲೆ ಚಹಾದಂಗಡಿಗೆ ಹೋಗಿಬರುವ ನೇಕಾರನನ್ನು ಕಂಡಾಗ ಆ ಪಾರಿವಾಳ ನೆನಪಾಗುವುದುಂಟು. ಹೀಗೆಂದೊಡನೆ ನೇಕಾರನೂ ಪಾರಿವಾಳವೂ ಒಂದೇ ಎಂದಂತಾಗಲಿಲ್ಲ. ಪಾರಿವಾಳಕ್ಕೆ ಮಗಳ ಫೀಯಿನ ಚಿಂತೆಯಿಲ್ಲ, ಸಾಲದ ಕಂತೂ ಇಲ್ಲ.

ಆದರೆ ಅದೇ ಓಣಿಯಲ್ಲಿ ಕರೆಂಟು ಹೋದಾಗ ನೋಡಬೇಕು. ಖಟಖಟ ಸಪ್ಪಳವೆಲ್ಲ ಒಮ್ಮೆಲೆ ನಿಂತು ಊರೇ ಮೌನವಾಗುತ್ತದೆ. ಪರಸ್ಥಳದಿಂದ ಬಂದವನು ‘ಅಬ್ಬಾ, ಎಷ್ಟು ಶಾಂತ!’ ಎನ್ನುತ್ತಾನೆ. ನೇಕಾರನ ಹೊಟ್ಟೆಯಲ್ಲಿ ಆ ಮೌನದಿಂದಲೇ ಕಳವಳ ಏಳುತ್ತದೆ. ಏಕೆಂದರೆ ಮೌನವೆಂದರೆ ಮಜೂರಿ ಮುರಿಯುವ ಮುನ್ಸೂಚನೆ. ಒಂದೇ ಮಗ್ಗದ ಮುಂದೆ ಕೈಗೆ ಸ್ಕಿನ್ನರನ ಪಾಠ, ಎದೆಗೆ ಪಾವ್ಲೋವನ ಪಾಠ. ಹಾಳೆಯ ಗೆರೆಯನ್ನು ಇಲ್ಲಿ ಎಲ್ಲಿ ಎಳೆಯುವುದು?

ಮುಧೋಳದ ನಾಯಿಯ ಉದಾಹರಣೆ ಇದಕ್ಕಿಂತ ಸ್ಪಷ್ಟ. ನಾಯಿಯೆಂದರೆ ಪಾವ್ಲೋವನ ಪಾಲಿನದೆಂದು ನಾವು ಬರೆಯುವುದರಿಂದ ಈ ಉದಾಹರಣೆ ಬೇಕಾಗಿಯೇ ತೆಗೆದುಕೊಂಡದ್ದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಈ ತೆಳುಮೈಯ, ಉದ್ದಕಾಲಿನ ಬೇಟೆನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತ ಸರಕಾರವು 2005ರಲ್ಲಿ ಹೊರಡಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದರ ತಳಿಯನ್ನು ಕಾಯುವ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಇದರ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೆ ಹೋದವು. ಇಂಥ ಮರಿಯೊಂದಕ್ಕೆ ‘ಕೂಡು’ ಎಂದರೆ ಕೂಡುವುದನ್ನು ಕಲಿಸುವ ಕ್ರಮವನ್ನು ಯೋಚಿಸಿರಿ. ಕೂತೊಡನೆ ತುತ್ತು ಕೊಡಬೇಕು. ಆದರೆ ಐವತ್ತು ಮಾರು ದೂರದಲ್ಲಿರುವ ನಾಯಿಗೆ ತಕ್ಷಣ ತುತ್ತು ಹೇಗೆ ಕೊಡುವುದು? ಆದುದರಿಂದ ಬಲ್ಲವರು ಮೊದಲು ‘ಶಹಬ್ಬಾಸ್’ ಎಂಬ ಮಾತನ್ನೋ ಸೀಟಿಯನ್ನೋ ತುತ್ತಿನೊಡನೆ ಬೆಸೆಯುತ್ತಾರೆ. ಹತ್ತಿಪ್ಪತ್ತು ಸಾರೆ ಶಹಬ್ಬಾಸ್, ಹಿಂದೆಯೇ ತುತ್ತು. ಇದು ಶುದ್ಧ ಪಾವ್ಲೋವ. ಆ ಮಾತಿಗೆ ತುತ್ತಿನ ರುಚಿ ಹತ್ತಿದ ಮೇಲೆ ಆ ಮಾತೇ ಬಹುಮಾನವಾಗುತ್ತದೆ. ಅದರಿಂದ ಕೂಡುವುದನ್ನು, ಏಳುವುದನ್ನು, ಮೂಸುವುದನ್ನು ಕಲಿಸುವುದು ಸ್ಕಿನ್ನರ. ಸ್ಕಿನ್ನರನೂ ತನ್ನ ಇಲಿಗಳಿಗೆ ಸನ್ನೆಗೋಲನ್ನು ಕಲಿಸುವ ಮುಂಚೆ, ಅನ್ನ ಬೀಳುವ ಯಂತ್ರದ ಸಪ್ಪಳವನ್ನು ಅನ್ನದೊಡನೆ ಬೆಸೆಯುತ್ತಿದ್ದನು. ಪಾವ್ಲೋವನ ಮನೆಯ ಬಾಗಿಲು ದಾಟಿಯೇ ಸ್ಕಿನ್ನರನು ತನ್ನ ಕೋಣೆಗೆ ಹೋಗಬೇಕಾಯಿತು!

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೆನ್ನಟ್ಟುವ ಜಾತಿಯದು. ಮೊಲವೊಂದು ಹೊಲದಲ್ಲಿ ಚಿಮ್ಮಿ ಓಡಿದರೆ, ಅದರ ಮುಂದೆ ಯಜಮಾನನ ತುತ್ತಿನ ಬೆಲೆಯೆಷ್ಟು? ಓಡುವುದೇ ಅದಕ್ಕೆ ಬಹುಮಾನ. ಸ್ಕಿನ್ನರನ ಶಿಷ್ಯರಾದ ಬ್ರೆಲಂಡ್ ದಂಪತಿಗಳು ಅನೇಕ ಜಾತಿಯ ಪ್ರಾಣಿಗಳನ್ನು ಪಳಗಿಸಿದ ತರುವಾಯ 1961ರಲ್ಲಿ ಬರೆದ ಲೇಖನದ ಸಾರವೂ ಇದೇ. ನಾಣ್ಯವನ್ನು ಡಬ್ಬಿಯಲ್ಲಿ ಹಾಕಲು ಕಲಿತ ಹಂದಿಯು ಕೆಲವು ವಾರಗಳಲ್ಲಿ ಅದನ್ನು ಮೂತಿಯಿಂದ ನೆಲದ ಮೇಲೆ ಉರುಳಾಡಿಸತೊಡಗಿತು. ಅನ್ನ ತಡವಾದರೂ ಬಿಡಲಿಲ್ಲ. ಹುಟ್ಟುಗುಣವೆಂಬುದು ಎರಡು ಅನುಬಂಧನಗಳಿಗೂ ಜಗ್ಗದ ಮೂರನೆಯ ಪಾಲುದಾರ. ನಮ್ಮ ಉತ್ತರಪತ್ರಿಕೆಯಲ್ಲಿ ಅದಕ್ಕೆ ಸ್ಥಳವೇ ಇಲ್ಲ.

ಇಲ್ಲಿಯವರೆಗಿನದು ಪೀಠಿಕೆ. ನಿಜವಾದ ಮಾತು ಅಂಜಿಕೆಯದು.

2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳೆರಡೂ ಉಕ್ಕಿ ನಮ್ಮ ತಾಲೂಕುಗಳ ದಂಡೆಯ ಊರುಗಳನ್ನು ನುಂಗಿದ್ದನ್ನು ಯಾರೂ ಮರೆತಿಲ್ಲ. ಆಗಿನಿಂದ, ‘ಹಿಡಕಲ್‌ನಿಂದ ನೀರು ಬಿಟ್ಟರಂತೆ’, ‘ಕೊಯ್ನಾದಾಗ ಮಳಿ ಜೋರೈತಂತ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎದೆ ಝಲ್ಲೆನ್ನುತ್ತದೆ. ಮಾತು ಗಂಟೆಯಾಯಿತು. ಕೂಡಲೇ ಜನ ದನಕರುಗಳನ್ನು ಎತ್ತರದ ಜಾಗಕ್ಕೆ ಹೊಡೆಯುತ್ತಾರೆ, ಕಾಳಿನ ಚೀಲಗಳನ್ನು ಮೇಲಕ್ಕೇರಿಸುತ್ತಾರೆ, ಮತ್ತು ಎದೆ ಹಗುರಾಗುತ್ತದೆ. ಆ ಹಗುರವೇ ಪುನರ್ಬಲನ. 1947ರಲ್ಲಿ ಮೌರರ್ ಎಂಬ ಅಮೇರಿಕನ್ ಮನಃಶಾಸ್ತ್ರಜ್ಞನು ಹೇಳಿದ್ದು ಇದನ್ನೇ: ಅಂಜಿಕೆಯನ್ನು ಕಲಿಯುವುದು ಪಾವ್ಲೋವನ ದಾರಿಯಿಂದ, ಅಂಜಿಕೆಯಿಂದ ಪಾರಾಗುವುದನ್ನು ಕಲಿಯುವುದು ಸ್ಕಿನ್ನರನ ದಾರಿಯಿಂದ. ಎರಡೂ ಕೂಡಿಯೇ ಒಂದು ಗಂಟು.

ಈ ಗಂಟು ಎಷ್ಟು ಬಿಗಿಯೆಂಬುದನ್ನು 1953ರಲ್ಲಿ ಸಾಲೊಮನ್ ಮತ್ತು ವಿನ್ ಎಂಬವರು ನಾಯಿಗಳ ಮೇಲೆಯೇ ತೋರಿಸಿದರು. ದೀಪ ಆರಿದ ಹತ್ತು ಸೆಕೆಂಡಿಗೆ ನೆಲದಿಂದ ವಿದ್ಯುತ್ತಿನ ಹೊಡೆತ. ನಡುವಿನ ಗೋಡೆ ಹಾರಿ ಆಚೆಗೆ ಹೋದರೆ ಪಾರು. ನಾಯಿಗಳು ಕೆಲವೇ ಸಾರೆಗೆ ಕಲಿತವು. ಆಮೇಲೆ ವಿದ್ಯುತ್ತನ್ನು ಪೂರ್ತಿಯಾಗಿ ತೆಗೆದುಬಿಟ್ಟರು. ನಾಯಿಗಳು ಮಾತ್ರ ದೀಪ ಆರಿದೊಡನೆ ನೂರಾರು ಸಲ ಹಾರುತ್ತಲೇ ಇದ್ದವು. ಗಂಟೆ ಬಾರಿಸಿ ಅನ್ನ ಕೊಡದಿದ್ದರೆ ಪಾವ್ಲೋವನ ನಾಯಿಯ ಜೊಲ್ಲು ಮೆಲ್ಲಮೆಲ್ಲನೆ ನಿಲ್ಲುತ್ತದೆ. ಹಾರುವ ನಾಯಿಯ ಅಂಜಿಕೆ ಏಕೆ ನಿಲ್ಲಲಿಲ್ಲ? ನಿಂತು ನೋಡಿದ್ದರೆ ತಾನೆ, ಹೊಡೆತವಿಲ್ಲವೆಂಬುದು ಅದಕ್ಕೆ ತಿಳಿಯುವುದು!

ಹೊಳೆಯ ಅಂಜಿಕೆ ಜೀವ ಉಳಿಸುತ್ತದೆ, ಅದು ಹೋಗಬಾರದು. ಆದರೆ ಇದೇ ಗಂಟು ನಮ್ಮ ಕಾಲೇಜಿನೊಳಗೂ ಬಿದ್ದಿದೆಯೆಂದರೆ ಗುರುವರ್ಯರು ಮುನಿಯಬಾರದು. ಅದರ ಹೆಸರು ಇಂಗ್ಲಿಷಿನ ತಾಸು. ನಮ್ಮಲ್ಲಿ ಹೆಚ್ಚಿನವರು ಹಳ್ಳಿಯ ಕನ್ನಡ ಸಾಲೆಗಳಿಂದ ಬಂದವರು. ಒಬ್ಬನನ್ನು ಎಬ್ಬಿಸಿ ನಿಲ್ಲಿಸಿ ಓದೆಂದಾಗ, ಆತನು ನಮ್ಮ ಈ ಶಾಸ್ತ್ರದ ಹೆಸರನ್ನೇ ಅಕ್ಷರ ಕಂಡಂತೆ ಮೊದಲಿನ ‘ಪ’ಕಾರ ಸಹಿತ ‘ಪ್ಸೈಕಾಲಜಿ’ ಎಂದು ಓದುತ್ತಾನೆ. ಆತನ ತರ್ಕದಲ್ಲಿ ದೋಷವಿಲ್ಲ. ಬರೆದಂತೆ ಓದುವ ಭಾಷೆಯಲ್ಲಿ ಬೆಳೆದವನು ಬರೆದದ್ದನ್ನು ಓದಿದನು. ಇದ್ದ ಅಕ್ಷರವನ್ನು ನುಂಗುವ ಚಾಳಿ ಇಂಗ್ಲಿಷಿನದು. ತರಗತಿ ಘೊಳ್ಳೆಂದು ನಗುತ್ತದೆ. ಕೆಲವೊಮ್ಮೆ ಮೇಜಿನ ಆಚೆಯಿಂದಲೂ ಒಂದು ಚುಚ್ಚುಮಾತು ಬರುತ್ತದೆ. ಹೀಗೆ ಎರಡು ಮೂರು ಸಾರೆ ಆಗಲಿ. ಇಂಗ್ಲಿಷಿನ ತಾಸಿನ ಗಂಟೆಯೇ ನಗೆಗೇಡಿನ ಮುನ್ಸೂಚನೆಯಾಗುತ್ತದೆ. ಕನ್ನಡದ ತಾಸಿನಲ್ಲಿ, ಇತಿಹಾಸದ ತಾಸಿನಲ್ಲಿ ಆ ನಗೆಯಿಲ್ಲ. ಇಲ್ಲಿ ಮಾತ್ರ ಇದೆ. ರೆಸ್ಕೋರ್ಲನ ಇಲಿಯಂತೆ ಆತನು ಅದನ್ನು ತಪ್ಪದೆ ಗುರುತಿಸುತ್ತಾನೆ.

ಮುಂದಿನದು ಹಾರುವ ನಾಯಿಯ ಕಥೆ. ಗಂಟೆಯಾಗುತ್ತದೆ, ಕ್ಯಾಂಟೀನಿನ ಕಡೆಗೋ ಬಸ್ ನಿಲ್ದಾಣದ ಕಡೆಗೋ ಕಾಲು ತಾವಾಗಿ ಹೊರಳುತ್ತವೆ, ಎದೆ ಹಗುರಾಗುತ್ತದೆ. ಆ ಹಗುರ ದಿನದಿನಕ್ಕೂ ಆತನನ್ನು ಹೊರಗೆಳೆಯುತ್ತದೆ. ಒಳಗೆ ಕುಳಿತವನಿಗೆ, ಈಗೀಗ ಯಾರೂ ನಗುತ್ತಿಲ್ಲವೆಂಬುದು ತಿಳಿಯಬಹುದು. ಹೊರಗಿದ್ದವನಿಗೆ ತಿಳಿಯುವ ದಾರಿಯೇ ಇಲ್ಲ. ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ, ಇಂಗ್ಲಿಷೊಂದು ಉಳಿದು, ಪದವಿಯನ್ನು ಕೈಗೆ ಬಾರದೆಯೇ ಬಿಟ್ಟುಕೊಟ್ಟು ಕೆಲಸ ಹಿಡಿದವರನ್ನು ನಮ್ಮ ನಾಲ್ಕೂ ಊರುಗಳಲ್ಲಿ ಯಾವ ಓಣಿಯಲ್ಲಿಯಾದರೂ ಕಾಣಬಹುದು. ಅವರನ್ನು ದಡ್ಡರೆನ್ನುವವರು ಅವರ ಮಗ್ಗದ ಲೆಕ್ಕವನ್ನೊಮ್ಮೆ ಕೇಳಿ ನೋಡಲಿ.

ಇದಕ್ಕೆ ರೂಢಿಯಲ್ಲಿರುವ ಮದ್ದು ಯಾವುದು? ಹಾಜರಿಯ ಪಟ್ಟಿ, ಪರೀಕ್ಷೆಗೆ ಕೂಡ್ರಿಸುವುದಿಲ್ಲವೆಂಬ ಬೆದರಿಕೆ. ಇನ್ನೊಂದು ಕಡೆಗೆ ಹೆಚ್ಚು ಅಂಕ ಪಡೆದವರಿಗೆ ಪ್ರಶಸ್ತಿಪತ್ರ. ಎರಡೂ ಗೆರೆಯ ಬಲಭಾಗದ ಮದ್ದುಗಳು. ಬೇನೆ ಎಡಭಾಗದಲ್ಲಿದೆ. ಹಾಜರಿಗೆ ಅಂಜಿ ಒಳಗೆ ಬಂದವನು ಎರಡು ಅಂಜಿಕೆಗಳ ನಡುವೆ ಕೂಡುತ್ತಾನೆ, ಕಿವಿ ಎಲ್ಲಿರಬೇಕು? ಪ್ರಶಸ್ತಿಪತ್ರವಾದರೋ ಹೇಗೂ ಅಂಜದವನಿಗೇ ಹೋಗುತ್ತದೆ. ಅದರಲ್ಲಿಯೂ ಒಂದು ಅಪಾಯವಿದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ತಾವಾಗಿಯೇ ಚಿತ್ರ ಬರೆಯುತ್ತಿದ್ದ ಚಿಕ್ಕ ಮಕ್ಕಳಿಗೆ ಪ್ರಶಸ್ತಿಪತ್ರದ ಆಸೆ ಹಚ್ಚಿ ಬರೆಯಿಸಿದರು. ಕೆಲ ದಿನಗಳ ಮೇಲೆ ನೋಡಿದರೆ ಆ ಮಕ್ಕಳ ಚಿತ್ರದ ಹುಚ್ಚು ಇಳಿದಿತ್ತು.

ಹಿರಿಯರೊಬ್ಬರು ಇಲ್ಲಿ ಅಡ್ಡ ಬಂದು, ‘ನಾವೇನು ಛಡಿ ತಿಂದು ಕಲಿಯಲಿಲ್ಲವೇನೋ ತಮ್ಮಾ?’ ಎನ್ನಬಹುದು. ಕಲಿತಿರಿ ಸರ. ಆದರೆ ಛಡಿ ತಿಂದು ಕಲಿಯದೆ ಹೋದವರು ಇಂದು ಈ ಪ್ರಶ್ನೆ ಕೇಳಲು ಕಾಲೇಜಿನಲ್ಲಿಲ್ಲ. ಅವರ ಲೆಕ್ಕವನ್ನು ಇಟ್ಟವರಾರು? ಸಾಲೆಯಲ್ಲಿ ಮಗುವನ್ನು ಹೊಡೆಯುವುದನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ನಿಷೇಧಿಸಿದೆ. ಛಡಿ ಕಡಿಮೆಯಾಯಿತು. ನಗೆ ಮಾತ್ರ ಉಳಿದುಕೊಂಡಿತು, ಮತ್ತು ಆ ನಗೆಯಲ್ಲಿ ಹೆಚ್ಚಿನ ಪಾಲು ವಿದ್ಯಾರ್ಥಿಗಳದೇ.

ಮತ್ತೊಂದು ಆಕ್ಷೇಪವು ಇದಕ್ಕಿಂತ ತೂಕದ್ದು. ಮನುಷ್ಯನು ನಾಯಿಯೂ ಅಲ್ಲ ಇಲಿಯೂ ಅಲ್ಲ. ಭಾಷೆಯಂಥದನ್ನು ತುತ್ತಿನ ಲೆಕ್ಕದಲ್ಲಿ ವಿವರಿಸಲಾದೀತೇ? ಆಗದೆಂದು ಚಾಮ್‌ಸ್ಕಿಯು 1959ರಲ್ಲಿ ಸ್ಕಿನ್ನರನ ಗ್ರಂಥವೊಂದನ್ನು ವಿಮರ್ಶಿಸುತ್ತ ವಾದಿಸಿದನು. ಆ ವಾದದ ಮುಖ್ಯ ಭಾಗ ಇಂದಿಗೂ ನಿಂತಿದೆಯೆಂದೇ ನನ್ನ ತಿಳಿವಳಿಕೆ. ಮೂರು ವರುಷದ ಕೂಸು ಯಾರ ಬಹುಮಾನಕ್ಕೂ ಕಾಯದೆ ಕನ್ನಡವನ್ನು ಕಲಿಯುತ್ತದೆ. ಆದರೆ ನಾನು ಮಾತಾಡುತ್ತಿರುವುದು ಭಾಷೆಯ ಕಲಿಕೆಯನ್ನು ಕುರಿತಲ್ಲ, ಭಾಷೆಯ ಅಂಜಿಕೆಯ ಕಲಿಕೆಯನ್ನು ಕುರಿತು. ಅದು ಕೂಸಿನಲ್ಲಿ ಹುಟ್ಟಿನಿಂದ ಬಂದದ್ದಲ್ಲ. ಕಲಿಸಿದ್ದು, ಆದುದರಿಂದ ಬಿಡಿಸಬಹುದಾದದ್ದು.

ಬಿಡಿಸುವ ಬಗೆಯನ್ನು ಮೇರಿ ಕವರ್ ಜೋನ್ಸ್ ಎಂಬಾಕೆ 1924ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾಳೆ. ಪೀಟರ್ ಎಂಬ ಚಿಕ್ಕ ಬಾಲಕನಿಗೆ ಮೊಲವೆಂದರೆ ವಿಪರೀತ ಅಂಜಿಕೆ. ಆಕೆ ಆತನನ್ನು ಗದರಿಸಲಿಲ್ಲ, ಮೊಲವನ್ನು ಮುಟ್ಟಿದರೆ ಬಹುಮಾನವೆಂದೂ ಹೇಳಲಿಲ್ಲ. ಆತನು ಇಷ್ಟದ ತಿನಿಸನ್ನು ತಿನ್ನುತ್ತಿರುವಾಗ ಪಂಜರದಲ್ಲಿ ಮೊಲವನ್ನು ದೂರದಲ್ಲಿಟ್ಟಳು. ದಿನದಿನಕ್ಕೆ ಆತನಿಗೆ ಸಹನವಾದಷ್ಟೇ ಹತ್ತಿರ ತಂದಳು. ಮೊಲಕ್ಕೆ ಅಂಜದ ಬೇರೆ ಮಕ್ಕಳನ್ನೂ ಆತನ ಬಳಿ ಆಡಲು ಬಿಟ್ಟಳು. ಕೊನೆಗೆ ಪೀಟರನು ಮೊಲವನ್ನು ಕೈಯಾರೆ ನೇವರಿಸಿದನು. ಸಂಗಡಿಗರು, ಸಾವಕಾಶ, ಬಾಯಿಗೊಂದಿಷ್ಟು ತಿನಿಸು. ಇದರಲ್ಲಿ ನಮ್ಮ ಕಾಲೇಜಿಗೆ ನಿಲುಕದ್ದು ಯಾವುದಿದೆ?

ನನ್ನ ಸೂಚನೆಗಳು ದೊಡ್ಡವಲ್ಲ. ವರುಷದ ಮೊದಲ ಒಂದು ತಿಂಗಳು ಇಂಗ್ಲಿಷಿನ ತಾಸಿನಲ್ಲಿ ಯಾರನ್ನೂ ಒಬ್ಬೊಬ್ಬರನ್ನಾಗಿ ಎಬ್ಬಿಸಿ ಓದಿಸಬಾರದು. ಚಿಕ್ಕಂದಿನಲ್ಲಿ ಮಗ್ಗಿ ಹೇಳಿದಂತೆ ಎಲ್ಲರೂ ಕೂಡಿಯೇ ಓದಬೇಕು. ಕೂಡಿ ಓದುವಾಗ ಒಬ್ಬನ ‘ಪ್ಸೈಕಾಲಜಿ’ ನಲವತ್ತು ದನಿಗಳಲ್ಲಿ ಮುಚ್ಚಿಹೋಗುತ್ತದೆ, ಸರಿಯಾದದ್ದು ಮಾತ್ರ ಕಿವಿಗೆ ಬೀಳುತ್ತದೆ. ಬಿಡಿಯಾಗಿ ಓದುವುದು ಆಮೇಲೆ, ಮೊದಲು ನಾಲ್ಕು ಜನರ ಗುಂಪಿನಲ್ಲಿ, ಗೆಳೆಯರ ಎದುರಿಗೆ, ಪೀಟರನ ಪಂಜರ ಸರಿದಷ್ಟು ಸರಿದು. ತಾಸು ತಪ್ಪಿಸಿದವನು ತಿರುಗಿ ಬಂದ ದಿನ ‘ಏನಪಾ, ದಾರಿ ತಪ್ಪಿ ಬಂದಿಯೇನು?’ ಎಂಬ ಸ್ವಾಗತ ಬೇಡ. ಗೋಡೆ ಹಾರದೆ ನಿಂತ ನಾಯಿಗೆ ಅದೇ ಗಳಿಗೆಯಲ್ಲಿ ಹೊಡೆತ ಕೊಟ್ಟಂತಾಗುತ್ತದೆ ಅದು.

ಕೊನೆಯದಾಗಿ ಸಹಪಾಠಿಗಳಿಗೆ ಒಂದು ಕರೆ. ಶನಿವಾರ ಮಧ್ಯಾಹ್ನ ತರಗತಿಗಳು ಮುಗಿದ ಮೇಲೆ, ಕಾಲೇಜಿನ ಹಿಂದಿನ ಬೇವಿನ ಗಿಡದ ನೆರಳಿನಲ್ಲಿ ಒಂದು ತಾಸು ಕೂಡೋಣ. ಇಂಗ್ಲಿಷ್ ವರ್ತಮಾನಪತ್ರವೊಂದನ್ನು ನಡುವೆ ಇಟ್ಟುಕೊಂಡು ಸರದಿಯ ಮೇಲೆ ಎರಡೆರಡು ಸಾಲು ಓದೋಣ. ಇಂಗ್ಲಿಷಿನ ಪತ್ರಿಕೆ ಉಳಿದವರು ಮೊದಲು ಬರಲಿ, ಅಂಜದವರು ಪೀಟರನ ಗೆಳೆಯರಾಗಿ ಜೊತೆಗೆ ಕೂಡಲಿ. ಸಕ್ಕರೆಗೂ ಬೆಲ್ಲಕ್ಕೂ ಬರವಿಲ್ಲದ ಸೀಮೆ ನಮ್ಮದು. ಹುರಿದ ಶೇಂಗಾ ಮತ್ತು ಬೆಲ್ಲದ ಖರ್ಚನ್ನು ಮೊದಲ ನಾಲ್ಕು ಶನಿವಾರಗಳಿಗೆ ನಾನು ವಹಿಸಿಕೊಳ್ಳುತ್ತೇನೆ. ಐದನೆಯದಕ್ಕೆ ಗುರುಗಳು ಮನಸ್ಸು ಮಾಡಬೇಕು.